ಪಟ್ಟಿಯಿಂದ ಬಿಟ್ಟುಹೋದ ಸಾಲುಗಳು

ಶಿಷ್ಯ ಕೇಳಿದ: “ಮೇಷ್ಟ್ರೇ, ಬೇರೆಯವರು ಬರೆದದ್ದನ್ನು ಓದಿ, ಸರಿಯಿದೆ ಎಂದು ಕೆಳಗೆ ಹೆಸರು ಹಾಕುವುದು ನನ್ನ ಕೆಲಸ. ಹೋದ ತಿಂಗಳು ನಾನು ಹೆಸರು ಹಾಕಿದ್ದರಲ್ಲಿ ಈಗ ತಪ್ಪು ಸಿಕ್ಕಿದೆ. ಎಲ್ಲವನ್ನೂ ಕಾಣಲಾರದವನು ಹೆಸರು ಹಾಕಬಹುದೇ? ಈ ಕೆಲಸ ಬಿಟ್ಟುಬಿಡೋಣ ಅನ್ನಿಸುತ್ತಿದೆ.”

ಮೇಷ್ಟ್ರು ಹೇಳಿದರು: “ಬಿಡುವೆಯಂತೆ. ಮೊದಲು ಇದನ್ನು ಕೇಳು.”

ಒಂದು ಪರೀಕ್ಷಾ ಕಚೇರಿಯಲ್ಲಿ ಒಂದು ಯಂತ್ರವಿತ್ತು. ಮಕ್ಕಳ ಅಂಕಗಳೆಲ್ಲ ಅದರಲ್ಲಿದ್ದವು. ಅದನ್ನು ನೋಡಿಕೊಳ್ಳಲು ಒಬ್ಬ ಆಪರೇಟರ್ ಇದ್ದಳು. ಹದಿನಾರು ವರ್ಷಗಳಿಂದ ಅದೇ ಕುರ್ಚಿ, ಅದೇ ಕೆಲಸ.

ಅದೊಂದು ಬುಧವಾರ. ಯಂತ್ರದ ಕರ್ನಲ್ ಬದಲಿಸಬೇಕಿತ್ತು. ಕರ್ನಲ್ ಎಂದರೆ ಯಂತ್ರದಲ್ಲಿ ಮಿಕ್ಕ ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಅಧಿಕಾರಿ ಬಂದು ಪಕ್ಕದಲ್ಲಿ ನಿಂತರು, ಆಕೆ ಹೊಸ ಕರ್ನಲ್ಲನ್ನು ಮೆಮೊರಿಗೆ ತಂದು ಸಿದ್ಧಪಡಿಸಿದಳು, ಅವರು ಹಾಳೆಗೆ ಸಹಿ ಹಾಕಿ ಮೀಟಿಂಗಿಗೆ ಹೋದರು. ಆದರೆ ಜನ ಕೌಂಟರಿನಲ್ಲಿರುವಾಗ ಯಂತ್ರ ನಿಲ್ಲಿಸುವಂತಿಲ್ಲ. ಆಕೆ ಸಂಜೆಯವರೆಗೆ ಎಂದಿನ ಕೆಲಸ ಮಾಡಿದಳು. ಐದೂವರೆಗೆ ಕೌಂಟರ್ ಮುಚ್ಚಿತು. ಆಗ ಒಂದು ಆಜ್ಞೆ ಕೊಟ್ಟಳು. ಹಳೆಯ ಕರ್ನಲ್ ಹೋಗಿ ಹೊಸದು ಬಂತು. ನಡುವೆ ಯಂತ್ರ ಒಂದು ಕ್ಷಣವೂ ಆಫ್ ಆಗಲಿಲ್ಲ. ಆಕೆ ದೀಪ ಆರಿಸಿ ಮನೆಗೆ ಹೋದಳು. ಆ ಕಚೇರಿಯಲ್ಲಿ ಅದು ಹೀಗೆಯೇ ನಡೆಯುತ್ತಿತ್ತು.

ಆ ಯಂತ್ರಕ್ಕೆ ಒಂದು ಅಭ್ಯಾಸವಿತ್ತು. ಆನ್ ಆದ ಮೇಲೆ ಯಾವುದೇ ಪ್ರೋಗ್ರಾಮ್ ಮೊದಲ ಸಲ ನಡೆಯುವಾಗ ಅದರ ಗುರುತು ತೆಗೆದು ಒಂದು ಪಟ್ಟಿಯಲ್ಲಿ ಒಂದು ಸಾಲು ಬರೆದುಕೊಳ್ಳುತ್ತಿತ್ತು. ಪಟ್ಟಿಯನ್ನು ಯಾರಾದರೂ ತಿದ್ದಬಹುದು. ತಿದ್ದಿದರೆ ಗೊತ್ತಾಗಲೆಂದು ಒಳಗೆ ಒಂದು ಸಣ್ಣ ಚಿಪ್ ಇತ್ತು. ಅದರಲ್ಲಿ ಇರುವುದು ಒಂದೇ ಒಂದು ಸಂಖ್ಯೆ. ಪಟ್ಟಿಗೆ ಹೊಸ ಸಾಲು ಬಂದಾಗಲೆಲ್ಲ ಹಳೆಯ ಸಂಖ್ಯೆಗೆ ಆ ಸಾಲನ್ನು ಬೆರೆಸಿ ಚಿಪ್ ಹೊಸ ಸಂಖ್ಯೆ ಮಾಡಿಕೊಳ್ಳುತ್ತಿತ್ತು. ಅದನ್ನು ಹಿಂದಕ್ಕೆ ತಿರುಗಿಸಲು ಯಾರಿಂದಲೂ ಆಗದು. ಪಟ್ಟಿಯಲ್ಲಿ ಒಂದು ಸಾಲು ಅಳಿಸಿದರೂ, ಎರಡು ಸಾಲು ಅದಲುಬದಲಾದರೂ, ಲೆಕ್ಕ ಹಾಕಿ ಬಂದ ಸಂಖ್ಯೆ ಚಿಪ್ಪಿನ ಸಂಖ್ಯೆಗೆ ಹೊಂದುವುದಿಲ್ಲ.

ಗುರುವಾರ ಬೆಳಿಗ್ಗೆ ತಪಾಸಣೆಯಲ್ಲಿ ಅವೆರಡೂ ಹೊಂದಲಿಲ್ಲ.

ನಿಯಮ ಸ್ಪಷ್ಟವಾಗಿತ್ತು. ಪಟ್ಟಿಯನ್ನು ಯಾರೋ ತಿದ್ದಿದ್ದಾರೆ ಎಂದೇ ಅದರ ಅರ್ಥ. ಫಲಿತಾಂಶ ತಡೆಹಿಡಿಯಬೇಕು. ಯಂತ್ರದ ಬಳಿ ಇದ್ದವರನ್ನು ವಿಚಾರಿಸಬೇಕು. ಯಂತ್ರದ ಬಳಿ ಇದ್ದವಳು ಆಕೆ ಒಬ್ಬಳೇ.

ಅಧಿಕಾರಿ ಹೇಳಿದರು: “ನೋಡಮ್ಮ, ಚಿಪ್ಪಿಗೆ ಸಂಬಳವಿಲ್ಲ, ಬಡ್ತಿ ಇಲ್ಲ, ನೆಂಟರಿಲ್ಲ. ಅದು ಯಾಕೆ ಸುಳ್ಳು ಹೇಳುತ್ತೆ?”

“ಅದು ಸುಳ್ಳು ಹೇಳಲ್ಲ ಸಾರ್,” ಎಂದಳು ಆಕೆ. “ನಾನೂ ಹೇಳ್ತಿಲ್ಲ.”

“ಇಬ್ಬರೂ ನಿಜ ಹೇಳೋಕೆ ಹೇಗಾಗುತ್ತೆ?”

ಅಧಿಕಾರಿ ಸೋಮವಾರ ವಿಚಾರಣೆ ಎಂದು ಬರೆದ ಕಾಗದ ಕೊಟ್ಟು, ಅಲ್ಲಿಯವರೆಗೆ ಯಂತ್ರ ಮುಟ್ಟಬಾರದೆಂದರು.

ಕರ್ನಲ್ ಬರೆಯುವವರು ಊರೂರಲ್ಲಿ ಚದುರಿರುತ್ತಾರೆ. ಯಾರು ಬೇಕಾದರೂ ಬರೆಯಬಹುದಾದ ಒಂದು ಮೇಲ್ ವಿಳಾಸದಲ್ಲಿ ಅವರ ಮಾತುಕತೆಯೆಲ್ಲ ನಡೆಯುತ್ತದೆ. ಆಕೆ ಅದನ್ನು ಹುಡುಕಿಕೊಂಡು ನಾಲ್ಕು ಸಾಲು ಬರೆದಳು. ಸಿದ್ಧಪಡಿಸಿದ ವೇಳೆ, ಬದಲಿಸಿದ ವೇಳೆ, ಚಿಪ್ಪಿನ ಸಂಖ್ಯೆ. ಕೊನೆಯಲ್ಲಿ, ನಾನು ಏನನ್ನೂ ಅಳಿಸಿಲ್ಲ, ಏನಾಗಿರಬಹುದು ತಿಳಿಸಿ, ಎಂದು. ತಪಾಸಣೆಯವರು ಕೊಟ್ಟಿದ್ದ ಪಟ್ಟಿಯ ನಕಲನ್ನೂ ಕಚೇರಿಯ ಪ್ರೋಗ್ರಾಮುಗಳ ಗುರುತುಗಳನ್ನೂ ಜೊತೆಗಿಟ್ಟಳು.

ಅದನ್ನು ಓದಿದವರಲ್ಲಿ ಒಬ್ಬ ಪರಿಶೀಲಕನಿದ್ದ. ಕರ್ನಲ್ಲಿಗೆ ಯಾರೇ ಬದಲಾವಣೆ ಬರೆದರೂ ಅದನ್ನು ಓದಿ ಒಪ್ಪುವವರು ಬೇಕು. ಬದಲಾವಣೆಯ ಕೆಳಗೆ ಬರೆದವರ ಹೆಸರು ಒಂದು ಸಾಲು, ಓದಿ ಒಪ್ಪಿದವರ ಹೆಸರು ಒಂದು ಸಾಲು. ನಡೆಸಿ ನೋಡಿದವರು ಇದ್ದರೆ ಅವರದೂ ಒಂದು ಸಾಲು. ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಈ ಪರಿಶೀಲಕ ಎಚ್ಚರದಿಂದ ಓದುವವನೆಂದು ಹೆಸರಾಗಿದ್ದ. ಅವನು ಒಪ್ಪಿದ ಮೇಲೆ ಮತ್ತೊಬ್ಬರು ಓದುತ್ತಿರಲಿಲ್ಲ.

ಆಕೆಯ ಪತ್ರವನ್ನು ಅವನು ಮೂರು ಸಲ ಓದಿದ. ಮೂರನೆಯ ಸಲ ಎರಡು ವೇಳೆಗಳ ನಡುವಿನ ಅಂತರ ಕಣ್ಣಿಗೆ ಬಿತ್ತು. ಅವನು ಒಂದು ಹಳೆಯ ಬದಲಾವಣೆಯನ್ನು ಹುಡುಕಿ ತೆರೆದ. ಹಳೆಯ ಕರ್ನಲ್ ಹೋಗುವಾಗ ಪಟ್ಟಿಯನ್ನು ಹೊಸದಕ್ಕೆ ಒಪ್ಪಿಸಿ ಹೋಗಬೇಕು ಎಂಬ ಬದಲಾವಣೆ ಅದು. ಬರೆದವಳು ಒಬ್ಬ ಯುವತಿ. ಅದು ಅವಳ ಮೊದಲ ಕೆಲಸ. ಓದಿ ಒಪ್ಪಿದವನು ಅವನೇ.

ಆ ಬದಲಾವಣೆಯನ್ನು ಅವನು ಒಂಬತ್ತು ದಿನ ಓದಿದ್ದ. ಎಂಟು ದಿನ ಹೋದದ್ದು ಒಂದೇ ವಿಷಯಕ್ಕೆ. ಕರ್ನಲ್ ಹಠಾತ್ತನೆ ಕುಸಿದು ಬೀಳುವುದುಂಟು. ಆ ಗಳಿಗೆಗಾಗಿ ಮೆಮೊರಿಯ ಒಂದು ಸಣ್ಣ ಭಾಗವನ್ನು ಮೊದಲೇ ಎತ್ತಿಟ್ಟಿರುತ್ತಾರೆ. ಯಾರೂ ಅದನ್ನು ಮುಟ್ಟುವುದಿಲ್ಲ. ಕರ್ನಲ್ ಬಿದ್ದಾಗ ಆ ಜಾಗದಲ್ಲಿ ಒಂದು ಪುಟ್ಟ ಕರ್ನಲ್ ಎದ್ದು, ಬಿದ್ದದ್ದರ ಕೊನೆಯ ಸ್ಥಿತಿಯನ್ನು ಉಳಿಸಿಕೊಳ್ಳುತ್ತದೆ. ಈ ಪಟ್ಟಿ ಹೋಗಿ ಆ ಸಣ್ಣ ಜಾಗದಲ್ಲಿ ಕೂತರೆ ಗತಿಯೇನು? ಅವನು ಇಪ್ಪತ್ತಮೂರು ಪ್ರಶ್ನೆ ಕೇಳಿದ್ದ. ಯುವತಿ ಇಪ್ಪತ್ತಮೂರಕ್ಕೂ ಉತ್ತರಿಸಿ, ಕಡೆಗೆ ಬರೆದಿದ್ದಳು: “ಸರ್, ಬೀಳುವ ಯಂತ್ರದ ಬಗ್ಗೆ ಇಷ್ಟು ಕೇಳಿದಿರಿ. ಬೀಳದೆ ಇರುವ ಯಂತ್ರದ ಬಗ್ಗೆ ಒಂದಾದರೂ ಕೇಳಿ.” ಅವನು ನಕ್ಕು ಹೆಸರು ಹಾಕಿದ್ದ.

ಹಾಗೆಂದು ನಡೆಸಿ ನೋಡದೆ ಹಾಕಿರಲಿಲ್ಲ. ತನ್ನ ಮೇಜಿನ ಮೇಲೆ ನಲವತ್ತು ಸಲ ಕರ್ನಲ್ ಬದಲಿಸಿ ನೋಡಿದ್ದ. ನಲವತ್ತು ಸಲವೂ ಪಟ್ಟಿ ಹೊಂದಿತ್ತು. ಆದರೆ ಸಿದ್ಧಪಡಿಸುವ ಆಜ್ಞೆ, ಬದಲಿಸುವ ಆಜ್ಞೆ ಎರಡನ್ನೂ ಅವನು ಒಂದೇ ಸಾಲಿನಲ್ಲಿ ಬರೆದು ಒಂದೇ ಸಲ ಒತ್ತುತ್ತಿದ್ದ. ಆ ಕೆಲಸದವರೆಲ್ಲ ಹಾಗೆಯೇ ಮಾಡುತ್ತಾರೆ. ಸಿದ್ಧವಾದ ಮೇಲೆ ಕಾಯುವುದಕ್ಕೆ ಅವರಿಗೆ ಕಾರಣವಿಲ್ಲ.

ಯುವತಿ ಪಟ್ಟಿಯನ್ನು ನಕಲು ಮಾಡಿದ್ದು ಸಿದ್ಧಪಡಿಸುವ ಗಳಿಗೆಯಲ್ಲಿ. ಆ ಕಚೇರಿಯಲ್ಲಿ ಸಿದ್ಧಪಡಿಸಿದ್ದಕ್ಕೂ ಬದಲಿಸಿದ್ದಕ್ಕೂ ನಡುವೆ ಏಳು ಗಂಟೆ ಹತ್ತು ನಿಮಿಷ ಇತ್ತು. ಅಷ್ಟು ಹೊತ್ತು ನಡೆದದ್ದನ್ನೆಲ್ಲ ಹಳೆಯ ಕರ್ನಲ್ ಬರೆದುಕೊಂಡಿತ್ತು. ಚಿಪ್ ತನ್ನ ಸಂಖ್ಯೆಗೆ ಬೆರೆಸಿಕೊಂಡಿತ್ತು. ಹೊಸ ಕರ್ನಲ್ಲಿನ ಕೈಗೆ ಬಂದದ್ದು ಮಾತ್ರ ಬೆಳಿಗ್ಗೆ ಹತ್ತು ಇಪ್ಪತ್ತರ ಪಟ್ಟಿ.

ಪರಿಶೀಲಕ ಉತ್ತರ ಬರೆಯಲು ಕೂತ. ‘ಸಿದ್ಧಪಡಿಸಿದ ಕೂಡಲೇ ಬದಲಿಸಬೇಕು. ನೀವು ತಡ ಮಾಡಿದ್ದರಿಂದ ಹೀಗಾಗಿದೆ.’ ಎರಡು ವಾಕ್ಯ. ಎರಡರಲ್ಲೂ ಸುಳ್ಳಿರಲಿಲ್ಲ. ಅವನ ಹೆಸರೂ ಉಳಿಯುತ್ತಿತ್ತು, ಯುವತಿಯ ಹೆಸರೂ ಉಳಿಯುತ್ತಿತ್ತು. ಅವನು ಎದ್ದು ನೀರು ಕುಡಿದು ಬಂದ. ಅದನ್ನು ಅಳಿಸಿ ಬೇರೆ ಬರೆದ: ‘ತಪ್ಪು ನಿಮ್ಮದಲ್ಲ. ಬದಲಾವಣೆಯಲ್ಲೇ ತಪ್ಪಿದೆ. ಅದನ್ನು ಓದಿ ಒಪ್ಪಿದವನು ನಾನು. ನಿಮ್ಮ ಫೋನ್ ನಂಬರ್ ಕೊಡಿ.’ ಎಲ್ಲರೂ ಓದುವ ಆ ವಿಳಾಸಕ್ಕೇ ಕಳಿಸಿದ.

ಅವನ ಮಾತೊಂದೇ ವಿಚಾರಣೆಗೆ ಸಾಲದು. ಅವರಿಗೆ ಸಂಖ್ಯೆ ಹೊಂದಬೇಕು. ಹಳೆಯ ಕರ್ನಲ್ಲಿನ ಜೊತೆ ಆ ಸಾಲುಗಳೂ ಹೋಗಿದ್ದವು. ಉಳಿದ ದಾರಿ ಒಂದೇ. ಬುಧವಾರ ಆಕೆ ಏನೇನು ತೆರೆದಳು ಎಂಬುದನ್ನು ಅದೇ ಕ್ರಮದಲ್ಲಿ ಮತ್ತೆ ಜೋಡಿಸಬೇಕು.

ಶನಿವಾರ ಬೆಳಿಗ್ಗೆ ಅವನು ಫೋನ್ ಮಾಡಿದ. “ಅಮ್ಮ, ಬುಧವಾರ ಹತ್ತು ಇಪ್ಪತ್ತರಿಂದ ಐದೂವರೆವರೆಗೆ ಮೊದಲ ಸಲ ಏನೇನು ತೆರೆದಿರಿ, ಒಂದೊಂದಾಗಿ ಹೇಳಬೇಕು. ಕ್ರಮ ತಪ್ಪಬಾರದು.”

“ಒಳ್ಳೇ ಕತೆ ಸಾರ್. ಮದುವೆ ಊಟ ಮಾಡಿ ಮೂರು ದಿನ ಆದ ಮೇಲೆ ಎಲೆಯಲ್ಲಿ ಏನೇನು ಬಡಿಸಿದ್ರು ಅಂತ ಕೇಳ್ದಂಗಾಯ್ತು.”

“ಹಾಗೇ ಅಂದುಕೊಳ್ಳಿ. ಉಪ್ಪಿನಿಂದ ಶುರು ಮಾಡಿ.”

ಆಕೆ ನಕ್ಕಳು. ಮೂರು ದಿನಗಳಲ್ಲಿ ಆಕೆ ನಕ್ಕದ್ದು ಅದೇ ಮೊದಲು. ಆಮೇಲೆ ಹೇಳತೊಡಗಿದಳು. ಮೊದಲು ಹಿಂದಿನ ಪರೀಕ್ಷೆಯ ಮರುಮೌಲ್ಯಮಾಪನದ ಅರ್ಜಿ ತೆಗೆಯುವ ಪ್ರೋಗ್ರಾಮ್. ಆಮೇಲೆ ಒಬ್ಬ ತಾಯಿ ಬಂದು ಮಗಳ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ ಎಂದದ್ದಕ್ಕೆ ತಿದ್ದುಪಡಿ ಪ್ರೋಗ್ರಾಮ್. ಪ್ರಿಂಟರ್ ಮೊಂಡು ಹಿಡಿದದ್ದಕ್ಕೆ ಅದನ್ನು ಸರಿಮಾಡುವುದು. ಹೀಗೆ ಎಂಟು ಹೇಳಿದಳು. ಹಳೆಯ ಕರ್ನಲ್ ಹೋಗುವ ಹೊತ್ತಿಗೆ ಯಂತ್ರ ತಾನಾಗಿ ನಡೆಸುವ ಪ್ರೋಗ್ರಾಮುಗಳು ಎರಡು. ಅವು ಅವನಿಗೆ ಗೊತ್ತಿದ್ದವು. ಹತ್ತನ್ನೂ ಜೋಡಿಸಿ, ಬುಧವಾರ ಬೆಳಗಿನ ಪಟ್ಟಿಯ ಕೆಳಗಿಟ್ಟು ಲೆಕ್ಕ ಹಾಕಿದ. ಸಂಖ್ಯೆ ಹೊಂದಲಿಲ್ಲ.

ಕೌಂಟರಿಗೆ ಮೊದಲು ಬಂದವರು ಯಾರು ಎಂದು ಕೇಳಿದ. ಎರಡು ಸಾಲು ಹಿಂದುಮುಂದು ಮಾಡಿದ. ಹೊಂದಲಿಲ್ಲ. ಆಕೆ ಮತ್ತೆ ಮೊದಲಿನಿಂದ ಹೇಳಿದಳು. ಅವೇ ಎಂಟು.

“ಇನ್ನೇನಾದರೂ ಇದೆಯೇ?” ಎಂದು ಕೇಳಿದ.

ಆಕೆ ದನಿ ತಗ್ಗಿಸಿದಳು.

“ಒಂದಿದೆ ಸಾರ್. ಕಚೇರಿ ಕೆಲಸ ಅಲ್ಲ, ಅದಕ್ಕೇ ಹೇಳಲಿಲ್ಲ. ಊಟದ ಹೊತ್ತಲ್ಲಿ ಯಂತ್ರದಲ್ಲೇ ಕ್ಯಾಲೆಂಡರ್ ತೆಗೆದೆ. ನಮ್ಮಕ್ಕನ ವರ್ಷದ ಕಾರ್ಯಕ್ಕೆ ಭಟ್ರು ತಾರೀಖು ಹೇಳಿದ್ರು. ಯಾವ ವಾರ ಬೀಳುತ್ತೆ ಅಂತ ನೋಡಿದೆ. ರಜ ಕೇಳಬೇಕಿತ್ತು.”

ಅವನು ಮೆಲ್ಲಗೆ ಕೇಳಿದ: “ಯಾವುದು ಆದ ಮೇಲೆ?”

“ಪ್ರಿಂಟರ್ ಆದ ಮೇಲೆ.”

ಅವನು ಅದನ್ನು ಪ್ರಿಂಟರಿನ ಕೆಳಗೆ ಇಟ್ಟ. ಬಂದ ಸಂಖ್ಯೆಯಲ್ಲಿ ಅಂಕಿ, ಅಕ್ಷರ ಸೇರಿ ಅರವತ್ತನಾಲ್ಕಿದ್ದವು. ಅವನು ಮೊದಲ ನಾಲ್ಕು ಓದಿದ. ಆಕೆ ಚಿಪ್ಪಿನ ಸಂಖ್ಯೆ ಬರೆದುಕೊಂಡಿದ್ದ ಕಾಗದ ನೋಡಿ ಮುಂದಿನ ನಾಲ್ಕು ಓದಿದಳು. ಅವನು ನಾಲ್ಕು, ಆಕೆ ನಾಲ್ಕು. ಕೊನೆಯವರೆಗೂ ಒಬ್ಬರೂ ನಿಲ್ಲಿಸಬೇಕಾಗಲಿಲ್ಲ.

ಸೋಮವಾರ ವಿಚಾರಣೆಯ ಮೇಜಿನ ಮೇಲೆ ಬೇರೊಂದು ಯಂತ್ರ ತಂದಿಟ್ಟು ಎಲ್ಲರ ಎದುರಿಗೆ ಆ ಲೆಕ್ಕವನ್ನು ಮತ್ತೊಮ್ಮೆ ಮಾಡಿದರು. ಹೊಂದಿತು. ಕ್ಯಾಲೆಂಡರಿನ ಸಾಲು ಎಲ್ಲರಿಗೂ ಕಾಣುತ್ತಿತ್ತು. ಯಾರೂ ಅದರ ಬಗ್ಗೆ ಕೇಳಲಿಲ್ಲ.

ಅಧಿಕಾರಿ ಕನ್ನಡಕ ತೆಗೆದು ಒರೆಸುತ್ತ ಹೇಳಿದರು: “ಚಿಪ್ ಸುಳ್ಳು ಹೇಳಲ್ಲ ಅಂತ ನಾನು ಅವತ್ತೇ ಹೇಳಿರಲಿಲ್ವೇನಮ್ಮ?”

“ಹೇಳಿದ್ರಿ ಸಾರ್,” ಎಂದಳು ಆಕೆ. “ಅದು ಗುರುವಾರದಿಂದ ನನ್ನ ಪರವಾಗೇ ಸಾಕ್ಷಿ ಹೇಳ್ತಿತ್ತು. ಒಂದು ನಾಲ್ಕು ದಿನ ಯಾರಿಗೂ ಅರ್ಥ ಆಗಲಿಲ್ಲ, ಅಷ್ಟೆ.”

ಅಂದು ಮಧ್ಯಾಹ್ನ ಫಲಿತಾಂಶ ಹೊರಬಿತ್ತು. ಆಕೆ ರಜೆಯ ಅರ್ಜಿ ಕೊಟ್ಟಳು. ಅಧಿಕಾರಿ ಓದದೆಯೇ ಸಹಿ ಹಾಕಿದರು.

ಇತ್ತ ಯುವತಿ ಹೊಸ ಬದಲಾವಣೆ ಬರೆದಳು. ಸಿದ್ಧಪಡಿಸುವಾಗ ಪಟ್ಟಿಗೆ ಜಾಗ ಮಾತ್ರ ಕಾದಿರಿಸುವುದು. ಆಮೇಲೆ ಬರುವ ಸಾಲುಗಳಿಗೆಂದು ಸ್ವಲ್ಪ ಹೆಚ್ಚಾಗಿಯೇ ಕಾದಿರಿಸುವುದು. ನಕಲು ಮಾಡುವುದು ಹಳೆಯ ಕರ್ನಲ್ ಹೊರಡುವ ಗಳಿಗೆಯಲ್ಲಿ, ಬೇರೆಲ್ಲ ನಿಂತ ಮೇಲೆ. ಬೀಳುವ ಯಂತ್ರಕ್ಕೆ ಎತ್ತಿಟ್ಟ ಜಾಗವನ್ನು ಮುಟ್ಟುವುದೇ ಇಲ್ಲ. ಬರೆದು ಪರಿಶೀಲಕನಿಗೆ ಕಳಿಸಿದಳು.

ಪರಿಶೀಲಕ ಅದನ್ನು ಓದಿದ. ತಪ್ಪು ಕಾಣಲಿಲ್ಲ. ಹಿಂದಿನ ಸಲವೂ ಕಂಡಿರಲಿಲ್ಲ. ಹೆಸರು ಹಾಕಲು ಕೈ ಬರಲಿಲ್ಲ. ಒಂದು ವಾರವಾಯಿತು, ಎರಡು ವಾರವಾಯಿತು. ಯುವತಿ ಕೇಳಿದಳು: “ಸರ್, ಓದಿದಿರೋ, ಇಲ್ಲ ನನ್ನ ಮೇಲೆ ಸಿಟ್ಟೋ?” ಅವನು ಬರೆದ: “ಓದಿದೆ. ಸಿಟ್ಟು ನನ್ನ ಮೇಲೆ.” ಅವಳು ಬರೆದಳು: “ಅದು ಮುಗಿಯುವವರೆಗೆ ಎಷ್ಟು ಕಚೇರಿಗಳು ಕಾಯಬೇಕು?”

ಅವನು ಬದಲಾವಣೆಯನ್ನು ಆ ಆಪರೇಟರಿಗೆ ಕಳಿಸಿದ. ಜೊತೆಗೆ ಒಂದು ಸಾಲು: ‘ನೀವು ದಿನವೂ ಕೆಲಸ ಮಾಡುವಂತೆಯೇ ಇದನ್ನು ಒಂದು ದಿನ ನಡೆಸಿ ನೋಡುತ್ತೀರಾ?’

ಆಕೆ ಕಚೇರಿಯ ಹಳೆಯದೊಂದು ಯಂತ್ರದಲ್ಲಿ ಅದನ್ನು ಹಾಕಿದಳು. ಬೆಳಿಗ್ಗೆ ಸಿದ್ಧಪಡಿಸಿದಳು. ಹಗಲೆಲ್ಲ ತೆರೆಯುವುದನ್ನೆಲ್ಲ ತೆರೆದಳು. ಊಟಕ್ಕೆ ಹೋಗಿಬಂದಳು. ಐದೂವರೆಗೆ ಬದಲಿಸಿದಳು. ಒಂದು ದಿನ ಎಂದು ಕೇಳಿದ್ದಕ್ಕೆ ಆರು ದಿನ ಮಾಡಿದಳು. ಆರು ದಿನವೂ ಹೊಂದಿತು. ಹಾಗೆಂದು ಬರೆದು ಕಳಿಸಿದಳು.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಆಮೇಲಾದರೂ ಅವನು ಹೆಸರು ಹಾಕಿದನೇ?”

“ಹಾಕಿದ,” ಎಂದರು ಮೇಷ್ಟ್ರು, “ನಡೆಸಿ ನೋಡಿದವರು ಎಂದು ಆಕೆಯ ಹೆಸರು ಬರೆದು, ಅದರ ಕೆಳಗೆ.”