ಅರಗಿನ ಮುದ್ರೆಯ ಗಂಟು

"ಗುರುಗಳೇ, ಮನೆಮಠ ಕಳೆದುಕೊಂಡವರಿಗೆ ಅರಮನೆ ಕೊಡುವ ಪರಿಹಾರದ ಹಣ ಆದಾಯವೋ, ಅಲ್ಲವೋ? ಅದಕ್ಕೆ ತೆರಿಗೆ ಉಂಟೋ, ಇಲ್ಲವೋ?"

ಕೇಳಿದವನು ಶಿವನಂಜಯ್ಯ. ಗುರುಗಳ ಹತ್ತಿರವೇ ಓದಿ ಬೆಳೆದವನು. ಈಗ ಒಂದು ಸೀಮೆಯ ತೆರಿಗೆ ಅಧಿಕಾರಿ. ಮಾತಾಡುತ್ತಲೇ ಶಲ್ಯದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

"ನಿನಗೇಕೆ ಈಗ ಈ ಚಿಂತೆ?" ಎಂದರು ಗುರುಗಳು.

"ನೆರೆ ಬಂದು ಹೋದ ಮೇಲೆ ನನ್ನ ಸೀಮೆಯ ಕೆಲವರಿಗೆ ಅರಮನೆ ಹಣ ಕೊಟ್ಟಿದೆ. ಅವರು ದಿನಾ ಬಂದು ಇದನ್ನೇ ಕೇಳುತ್ತಾರೆ. ತೆರಿಗೆ ಇಲ್ಲ ಎಂದುಬಿಟ್ಟು ನಾಳೆ ಅರಮನೆ ಉಂಟು ಎಂದರೆ ನನ್ನ ಕೆಲಸ ಹೋಗುತ್ತದೆ. ಉಂಟು ಎಂದುಬಿಟ್ಟು ನಾಳೆ ಇಲ್ಲ ಎಂದಾದರೆ ಬಡವರ ಶಾಪ ತಟ್ಟುತ್ತದೆ. ಅದಕ್ಕೇ ಕಾಯಿರಿ ಎಂದಿದ್ದೇನೆ. ಕಾಯಿರಿ ಎನ್ನುವುದರಲ್ಲಿ ತಪ್ಪೇನೂ ಇಲ್ಲ ಅಲ್ಲವೇ? ನಿದ್ದೆ ಹತ್ತುತ್ತಿಲ್ಲ ಗುರುಗಳೇ."

"ತಪ್ಪಿಲ್ಲದಿದ್ದರೆ ನಿದ್ದೆಗೇನು ದಾಡಿ?" ಎಂದು ಗುರುಗಳು ರೇಗಿದರು. ಆಮೇಲೆ ದನಿ ತಗ್ಗಿಸಿ, "ಕೂತುಕೋ. ಆ ಶಲ್ಯ ಬಿಡು, ಹರಿದೀತು. ಒಂದು ಕತೆ ಹೇಳುತ್ತೇನೆ, ಕೇಳು," ಎಂದು ಶುರುಮಾಡಿದರು.

ಒಂದು ಊರು. ಆ ಊರಿನ ಕೆರೆಯ ಕೆಳಗೆ ಒಂದು ಕುಂಬಾರಕೇರಿ. ಒಂದು ಮಳೆಗಾಲ ಕೆರೆಯ ಏರಿ ಒಡೆದು ನೀರು ಕೇರಿಗೆ ನುಗ್ಗಿತು. ಜನ ಗುಡ್ಡ ಹತ್ತಿ ಜೀವ ಉಳಿಸಿಕೊಂಡರು. ಮಡಕೆ ಮಾಡುವ ತಿಗರಿಗಳು ಹೋದವು, ಮಣ್ಣು ಹೊರುವ ಕತ್ತೆಗಳು ಹೋದವು, ಸುಡಲು ಇಟ್ಟಿದ್ದ ಹಸಿ ಮಡಕೆಗಳು ಕರಗಿಹೋದವು.

ಅರಸ ಒಳ್ಳೆಯವನು. ಅದರಲ್ಲಿ ಅನುಮಾನ ಬೇಡ. ಮನೆಗೊಂದು ಗಂಟು ಬೆಳ್ಳಿ ನಾಣ್ಯ ಕಳಿಸಿದ. ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿತ್ತು. ತಿಗರಿ ಮಾಡಿಸಿಕೊಳ್ಳಲಿ, ಕತ್ತೆ ಕೊಳ್ಳಲಿ, ಮತ್ತೆ ಬದುಕು ಕಟ್ಟಿಕೊಳ್ಳಲಿ ಎಂದು ಅವನ ಮನಸ್ಸಿನಲ್ಲಿತ್ತು.

ಆ ಕೇರಿಯಲ್ಲಿ ಒಬ್ಬ ಕುಂಬಾರ, ಅವನ ಹೆಂಡತಿ. ಗಂಟು ಮನೆಗೆ ಬಂದ ದಿನ ಇಬ್ಬರೂ ಸಂತೋಷಕ್ಕೆ ಅತ್ತರು. ಮಾರನೆಯ ದಿನ ಭಯ ಹುಟ್ಟಿತು. ಆ ರಾಜ್ಯದಲ್ಲಿ ಮನೆಗೆ ಬಂದದ್ದರಲ್ಲಿ ಆರನೆಯ ಒಂದು ಪಾಲು ಅರಮನೆಗೆ ಸೇರಬೇಕು. ತಪ್ಪಿದರೆ ಕಸುಬಿನ ಸಾಮಾನು ಜಪ್ತಿ. ಹಿಂದೆ ಒಬ್ಬ ಗಾಣಿಗನಿಗೆ ಮಾವನ ಮನೆಯಿಂದ ಎತ್ತು ಬಂದಿತ್ತು. ಉಡುಗೊರೆ ತಾನೇ ಎಂದು ಅವನು ಅರಮನೆಗೆ ತಿಳಿಸದೆ ಬಿಟ್ಟ. ಎತ್ತೂ ಹೋಯಿತು, ಗಾಣವೂ ಹೋಯಿತು. ಅದನ್ನು ಕೇರಿಯವರೆಲ್ಲ ಕಣ್ಣಾರೆ ಕಂಡಿದ್ದರು.

ಕುಂಬಾರಗಿತ್ತಿ ಧೈರ್ಯ ಮಾಡಿ ತೆರಿಗೆ ಅಧಿಕಾರಿಯ ಬಾಗಿಲಿಗೆ ಹೋದಳು.

"ಬುದ್ಧಿ, ಈ ಹಣಕ್ಕೂ ಪಾಲು ಕೊಡಬೇಕೇ? ಕೊಡಬೇಕಾದರೆ ಈಗಲೇ ತೆಗೆದುಕೊಂಡುಬಿಡಿ. ಉಳಿದದ್ದರಲ್ಲಿ ಕತ್ತೆ ಕೊಳ್ಳುತ್ತೇವೆ."

ಅಧಿಕಾರಿ ಕೆಟ್ಟವನಲ್ಲ. ನಿನ್ನ ಹಾಗೆಯೇ ಪುಕ್ಕಲ. "ಇಂಥ ಹಣ ಹಿಂದೆ ಯಾರಿಗೂ ಬಂದದ್ದಿಲ್ಲವಮ್ಮ. ಮೇಲಿನವರನ್ನು ಕೇಳುತ್ತೇನೆ. ಅಲ್ಲಿಯವರೆಗೆ ಮುದ್ರೆ ಒಡೆಯಬೇಡಿ. ಕಾಯಿರಿ," ಎಂದ. ತನ್ನ ಮೈಮೇಲೆ ಏನೂ ಬರಬಾರದು, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅವಳು ಬಂದು ಹೇಳಿದಳು. ಕೇರಿಯವರೆಲ್ಲ ಗಂಟನ್ನು ಜಂತೆಗೆ ಕಟ್ಟಿ ಕೂತರು.

ಇಲ್ಲೊಂದು ಮಾತು ತಿಳಿದುಕೋ. ಕುಂಬಾರನಿಗೆ ಬೇಕಾದ ಜೇಡಿಮಣ್ಣು ಇರುವುದು ಕೆರೆಯ ಅಂಗಳದಲ್ಲಿ. ನೀರಿಳಿದು ಅಂಗಳ ಒಣಗಿದಾಗ ಅದನ್ನು ಅಗೆದು, ಕತ್ತೆಯ ಮೇಲೆ ಹೇರಿ ತಂದು, ವರ್ಷಕ್ಕಾಗುವಷ್ಟು ರಾಶಿ ಹಾಕಿಕೊಳ್ಳಬೇಕು. ತಲೆಯ ಮೇಲೆ ಹೊತ್ತು ತೀರುವ ಕೆಲಸವಲ್ಲ ಅದು. ಮಳೆ ಹಿಡಿಯಿತೋ, ಮುಗಿಯಿತು. ಆ ವರ್ಷ ಅವನು ಕುಂಬಾರನಲ್ಲ. ಈ ಸಂಗತಿ ಅಧಿಕಾರಿಗೆ ಗೊತ್ತಿರಲಿಲ್ಲ.

ಅವನು ಮೇಲಧಿಕಾರಿಯನ್ನು ಕೇಳಿದ. ಮೇಲಧಿಕಾರಿ ಮಂತ್ರಿಯನ್ನು ಕೇಳಿದ. ಮಂತ್ರಿ ಪಂಡಿತರನ್ನು ಕೂರಿಸಿದ. ಪಂಡಿತರು ಕೂತ ಮೇಲೆ ಕೇಳಬೇಕೇ! ಕೈಗೆ ಬಂದದ್ದೆಲ್ಲ ಆದಾಯವೇ ಎಂದ ಒಬ್ಬ. ಗುಂಡಿ ಮುಚ್ಚಲು ಹಾಕಿದ ಮಣ್ಣನ್ನು ಯಾರಾದರೂ ದಿಬ್ಬವೆಂದು ಅಳೆಯುತ್ತಾರೆಯೇ ಎಂದ ಇನ್ನೊಬ್ಬ. ಇಬ್ಬರದ್ದೂ ಸರಿ ಎಂದ ಮೂರನೆಯವನು. ಚಳಿಗಾಲ ಹೀಗೇ ಕಳೆಯಿತು. ಅವರ ಊಟ ಅರಮನೆಯದು, ಅವಸರ ಯಾರಿಗೆ?

ಕೇರಿಯಲ್ಲಿ ಮಾತ್ರ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ದಿನಕ್ಕೊಂದು ಸುದ್ದಿ. ಆರನೆಯ ಪಾಲಲ್ಲ, ಅರ್ಧ ಕೊಡಬೇಕಂತೆ ಎಂದು ಒಬ್ಬ ಹೇಳುವನು. ಮುದ್ರೆ ಒಡೆದರೆ ಹಣ ನಮ್ಮದಾಗುತ್ತದೆ, ಆಗ ತೆರಿಗೆ ಬೀಳುತ್ತದೆ, ಒಡೆಯದಿದ್ದರೆ ಅದು ಅರಮನೆಯದೇ, ಯಾರೂ ಕೇಳುವಂತಿಲ್ಲ ಎಂದು ಕೇರಿಯ ಹಿರಿಯ ತರ್ಕ ಮಾಡುವನು. ಕುಂಬಾರ ದಿನಾ ಬೆಳಗ್ಗೆ ಕೆರೆಗೆ ಹೋಗಿ ಬಿರುಕು ಬಿಟ್ಟ ಅಂಗಳ ನೋಡಿ ಬರುವನು. ಬಂದು ಜಂತೆ ನೋಡುವನು. ಆಮೇಲೆ ಆಕಾಶ ನೋಡುವನು.

ಒಂದು ದಿನ ಕತ್ತೆ ಮಾರುವವನು ಕೇರಿಗೆ ಬಂದ. ಕತ್ತೆಗಳು ಗಟ್ಟಿಯಾಗಿದ್ದವು. ಕುಂಬಾರ ಒಂದರ ಹಲ್ಲು ನೋಡಿದ, ಬೆನ್ನು ಸವರಿದ, ದರ ಕುದುರಿಸಿದ. ಗಂಟು ಇಳಿಸಲೆಂದು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಹೆಂಡತಿ ಹೋಗಿ ನೋಡಿದರೆ ಜಂತೆಯ ಕೆಳಗೆ ಬೆವರುತ್ತಾ ನಿಂತಿದ್ದ. "ಒಡೆದ ಮೇಲೆ ಪಾಲು ಕೇಳಿದರೆ ಎಲ್ಲಿಂದ ತರೋಣ?" ಎಂದ. ಅವಳಿಗೂ ಒಡೆ ಎನ್ನುವ ಧೈರ್ಯ ಬರಲಿಲ್ಲ. ಮಾರುವವನು ಬೈದುಕೊಂಡು ಮುಂದಿನ ಊರಿಗೆ ಕತ್ತೆ ಹೊಡೆದುಕೊಂಡು ಹೋದ.

ಅವಳು ಅಧಿಕಾರಿಯ ಬಾಗಿಲಿಗೆ ಮತ್ತೆ ಮತ್ತೆ ಹೋದಳು. ಅವನು ಮರ್ಯಾದೆಯಾಗಿಯೇ ಮಾತಾಡಿಸುವನು, ಮಜ್ಜಿಗೆ ಕೊಡಿಸುವನು, ಇನ್ನೂ ಅಪ್ಪಣೆ ಬಂದಿಲ್ಲವಮ್ಮ ಎನ್ನುವನು. ಅವಳಿಗೆ ಮೋಡದ ಚೂರು ಕಂಡರೂ ಆ ದಿನ ಊಟ ಸೇರುತ್ತಿರಲಿಲ್ಲ.

ಬೇಸಿಗೆ ಬಂತು. ಮನೆಯಲ್ಲಿ ಹಿಟ್ಟು ಮುಗಿಯಿತು. ಅಷ್ಟರಲ್ಲಿ ಅರಮನೆಯವರು ಒಡೆದ ಏರಿಯನ್ನು ಕಟ್ಟಿಸತೊಡಗಿದರು. ಕೂಲಿಗೆ ಜನ ಬೇಕಾಗಿತ್ತು. ಕುಂಬಾರ ಹೋದ. ಕೆರೆಯ ಅಂಗಳದ ಮಣ್ಣನ್ನೇ ಅಗೆದು ಏರಿಗೆ ಹಾಕುವ ಕೆಲಸ. ತನ್ನ ಮಡಕೆಗೆಂದು ಕಣ್ಣಿಟ್ಟಿದ್ದ ಜೇಡಿಯನ್ನು ಅವನು ಬುಟ್ಟಿ ಬುಟ್ಟಿ ಹೊತ್ತು ಏರಿಯ ಮೇಲೆ ಸುರಿದ. ಸಂಜೆಗೆ ಒಂದಿಷ್ಟು ರಾಗಿ ಸಿಕ್ಕಿತು. ಇದನ್ನು ಹೇಳುವಾಗ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ ಕಣಯ್ಯಾ.

ಕೊನೆಗೆ ಅಪ್ಪಣೆ ಬಂತು. ಮಳೆಯ ಜೊತೆಗೇ ಬಂತು. ಅಧಿಕಾರಿ ನೆನೆದುಕೊಂಡು ಓಡೋಡಿ ಕೇರಿಗೆ ಬಂದ. ಪಾಪ, ಅವನ ಮುಖ ಅರಳಿತ್ತು.

"ಪರಿಹಾರ ಆದಾಯ ಅಲ್ಲವಂತೆ ತಾಯಿ! ತೆರಿಗೆ ಇಲ್ಲ. ನೋಡಿ, ಅರಮನೆ ನಿಮ್ಮದರಲ್ಲಿ ಒಂದು ಕಾಸೂ ಮುಟ್ಟಲಿಲ್ಲ."

ಕುಂಬಾರಗಿತ್ತಿ ಜಂತೆಯಿಂದ ಗಂಟು ಇಳಿಸಿ ಅವನ ಮುಂದೆ ಇಟ್ಟಳು. ಅರಗು ಹಾಗೆಯೇ ಇತ್ತು.

"ನಾವೂ ಮುಟ್ಟಲಿಲ್ಲ ಬುದ್ಧಿ," ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿ ನೀರು ಕುಡಿದರು. ಶಿವನಂಜಯ್ಯನಿಗೆ ತಡೆಯಲಾಗಲಿಲ್ಲ.

"ಆದರೂ ಗುರುಗಳೇ, ಹಣವೆಲ್ಲ ಅವರ ಹತ್ತಿರವೇ ಉಳಿಯಿತಲ್ಲ?"

"ಉಳಿಯಿತು. ಮಣ್ಣಿಲ್ಲದ ಮೇಲೆ ತಿಗರಿ ಕೊಂಡು ಪೂಜೆ ಮಾಡುತ್ತಾರೆಯೇ? ಮಳೆಗಾಲವೆಲ್ಲ ಅದನ್ನೇ ಕೂತು ತಿಂದರು. ತಿಗರಿಯ ಹಣ, ಕತ್ತೆಯ ಹಣ, ಎಲ್ಲವೂ ಹೊಟ್ಟೆಗೆ ಹೋಯಿತು. ಮರುವರ್ಷ ಕೆರೆಯ ನೀರಿಳಿಯುವ ಹೊತ್ತಿಗೆ ಆ ಕೇರಿಯಲ್ಲಿ ಒಂದು ಮನೆಯಲ್ಲೂ ದೀಪ ಇರಲಿಲ್ಲ. ಕೂಲಿ ಹುಡುಕಿಕೊಂಡು ಎತ್ತೆತ್ತಲೋ ಹೋದರು."

"ಆ ಅಧಿಕಾರಿಯಾದರೂ ಏನು ಮಾಡಬೇಕಿತ್ತು? ಉತ್ತರ ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ." ಶಿವನಂಜಯ್ಯ ಮತ್ತೆ ಶಲ್ಯದ ಅಂಚು ಹಿಡಿದಿದ್ದ.

"ಉತ್ತರ ಗೊತ್ತಿಲ್ಲದ್ದನ್ನು ನಾನು ತಪ್ಪು ಎನ್ನುವುದಿಲ್ಲ," ಎಂದರು ಗುರುಗಳು. ಅವರ ದನಿಯಲ್ಲಿ ಈಗ ಸಿಟ್ಟು ಇರಲಿಲ್ಲ.

"ನಿನ್ನ ಬಾಗಿಲಿಗೆ ದಿನಾ ಬರುತ್ತಾರಲ್ಲ, ಆ ಜನರ ಕಸುಬು ಯಾವುದಯ್ಯಾ, ಅದಕ್ಕೆ ಇನ್ನೆಷ್ಟು ದಿನ ಉಳಿದಿದೆ?"