ಕೊಕ್ಕಿನ ಮುಂದೆ ಕಾಳಿನಷ್ಟು ಆಕಾಶ

ಹಾರುವ ಹಕ್ಕಿಗೆ ದಾರಿಯನ್ನೂ ಹರಿದ ಬಟ್ಟೆಗೆ ಮತ್ತೊಂದು ಬಾಳನ್ನೂ ಕೊಡುವ ಶಿವನೇ, ನಿನಗೆ ಶರಣು. ನಿನ್ನನ್ನು ನೆನೆದು ಈ ಕತೆ ಹೇಳುತ್ತೇನೆ. ಎಲ್ಲಿ ಹೊಲಿಗೆ ತಪ್ಪಿದರೂ ನೀನೇ ಬಿಚ್ಚಿ, ನೀನೇ ಹೊಲಿ.

"ಅಪ್ಪಾ, ಒಬ್ಬನೇ ಇದ್ದಾಗ ನಾನು ಸರಿಯಾಗಿರುತ್ತೇನೆ. ನಾಲ್ಕು ಜನರ ನಡುವೆ ಬಂದ ಕೂಡಲೇ ಕೆಡುತ್ತೇನೆ. ಇದು ಯಾಕೆ?"

ಹೀಗೆ ತನ್ನ ಗುರುಗಳನ್ನು ಕೇಳಿದವನು ಮರುಳಸಿದ್ಧ ಎಂಬ ಶಿಷ್ಯ. ಬಯಲುಸೀಮೆಯ ಒಂದು ಮಠದಲ್ಲಿ ದಾಸೋಹದ ಅಡಿಗೆಮನೆ ಅವನ ಸೇವೆಗೆ ಬಂದಿತ್ತು. ಅವನ ಪೂಜೆಯಲ್ಲಿ ಒಂದು ಬಿಲ್ವದ ಎಲೆಯೂ ಓರೆಯಾಗುತ್ತಿರಲಿಲ್ಲ. ಆದರೆ ಅಡಿಗೆಮನೆಗೆ ಕಾಲಿಟ್ಟರೆ ಜಗಳ. ಒಬ್ಬ ಅನ್ನ ಹೆಚ್ಚು ಬೇಯಿಸಿದ. ಒಬ್ಬ ಕೆಲಸದ ನಡುವೆ ಹಾಡು ಗುನುಗಿದ. ಇನ್ನೊಬ್ಬ ಇವನ ಸೌಟನ್ನು ಕೇಳದೆ ಮುಟ್ಟಿದ. ಅಂದು ಬೆಳಿಗ್ಗೆ ಮರುಳಸಿದ್ಧ ಸಿಟ್ಟಿನಿಂದ ಸೌಟು ಎಸೆದು, ಬಟ್ಟೆಯ ಗಂಟು ಕಟ್ಟಿಕೊಂಡು, ಗುರುಗಳ ಮುಂದೆ ಬಂದು ನಿಂತಿದ್ದ.

"ಅವರೆಲ್ಲ ಸೇರಿ ನನ್ನ ಭಕ್ತಿಯ ಮೊನೆ ಮುರಿಯುತ್ತಾರೆ. ಗುಡ್ಡದ ಗವಿಯಲ್ಲಿ ಒಬ್ಬನೇ ಇರುತ್ತೇನೆ. ಅಪ್ಪಣೆ ಕೊಡಿ."

ಗುರುಗಳು ಗಂಟನ್ನು ನೋಡಿದರು.

"ಗಂಟು ಚೆನ್ನಾಗಿ ಕಟ್ಟಿದ್ದೀಯ. ಕೂತುಕೋ. ಗವಿ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಹೇಳಿ, ಈ ಕತೆ ಹೇಳಿದರು.

ಒಂದು ಕೆರೆಯ ಊರಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ ಇದ್ದರು. ಚಳಿ ಬಿದ್ದಾಗ ಆ ಕೆರೆಗೆ ಹಿಮದ ಬೆಟ್ಟಗಳ ಆಚೆಯಿಂದ ಬಾತುಗಳು ಬರುತ್ತಿದ್ದವು. ಚಳಿ ಮುಗಿದಾಗ ಸಾಲುಗಟ್ಟಿ ಹೊರಟುಹೋಗುತ್ತಿದ್ದವು. ಮದುವೆಯಾಗಿ ಬಂದ ವರ್ಷದಿಂದ ಅತ್ತೆ ಅವನ್ನು ನೋಡಿದ್ದಳು. ಗಂಡನೂ ಅವಳೂ ಕೆರೆಯ ಏರಿಯ ಮೇಲೆ ಕೂತು, ಸಾಲು ಚುಕ್ಕಿಯಾಗುವ ತನಕ ನೋಡುತ್ತಿದ್ದರು. ಈಗ ಗಂಡ ಇಲ್ಲ. ಅವಳ ಕಣ್ಣೂ ಹೋಗಿತ್ತು.

ಆ ವರ್ಷ ಬಾತುಗಳು ಬಂದ ದಿನ ಅತ್ತೆ ಸೊಸೆಯನ್ನು ಕರೆದಳು.

"ತಂಗಿ, ಹಕ್ಕಿ ಬಂದಾವ. ದನಿ ಕೇಳತೈತಿ, ಸಾಲು ಕಾಣವಲ್ದು. ನನಗೊಂದು ಹಕ್ಕಿಸಾಲಿನ ಕೌದಿ ಹೊಲಿ. ಬೆರಳಿಲೆ ನೋಡತೀನಿ. ಈ ಸಲ ಅವು ಹೊಂಟಾಗ ನಾನೂ ಹೊಂಡಾಕಿ. ಅವು ಹೋಗೂದ್ರೊಳಗ ಮುಗಿಸು."

"ಪ್ರತಿ ಸಲ ಹಿಂಗ ಅಂತೀರಿ ಅತ್ತಿ. ಪ್ರತಿ ಸಲ ಬರೇ ಹಕ್ಕಿ ಹೋಗತಾವ."

ಇಬ್ಬರೂ ನಕ್ಕರು. ಆದರೆ ಅತ್ತೆಯ ಕೈ ತೆಳುವಾಗಿರುವುದನ್ನು ಸೊಸೆ ನೋಡಿದ್ದಳು. ಈ ಸಲದ ಮಾತು ಹಿಂದಿನ ಮಾತಿನಂತಲ್ಲ ಎಂದು ಅವಳಿಗೆ ತಿಳಿಯಿತು.

ಕೌದಿ ಎಂದರೆ ತುಂಡು ಕೂಡಿಸಿದ ಹೊದಿಕೆ; ಅದನ್ನು ಹಳೆಯ ಬಟ್ಟೆಯಿಂದಲೇ ಹೊಲಿಯುತ್ತಾರೆ. ಮಾವನ ಬಿಳಿ ಧೋತರದಿಂದ ಹಕ್ಕಿ, ಅತ್ತೆಯ ಮದುವೆಯ ನೀಲಿ ಸೀರೆಯಿಂದ ಆಕಾಶ ಎಂದು ಅತ್ತೆಯೇ ಹೇಳಿದಳು. ಎರಡೂ ಮತ್ತೆ ಸಿಗುವ ಬಟ್ಟೆಯಲ್ಲ.

ಹಕ್ಕಿ ಎಂದರೆ ಮೂರು ಮೂಲೆಯ ಒಂದು ಬಿಳಿ ತುಂಡು. ಅದರ ಎರಡು ಓರೆಗಳಿಗೆ ಎರಡು ಚಿಕ್ಕ ನೀಲಿ ತುಂಡು ಹಚ್ಚಿದರೆ ನಾಲ್ಕು ಮೂಲೆಯ ಒಂದು ಪಟ್ಟಿಯಾಗುತ್ತದೆ. ಬಿಳಿಯ ಮೊನೆಯೇ ಕೊಕ್ಕು. ಇಂಥ ಪಟ್ಟಿಗಳನ್ನು ಒಂದರ ಮುಂದೆ ಒಂದು ಕೂಡಿಸುತ್ತ ಹೋದರೆ ಹಾರುವ ಸಾಲು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಎರಡು ಹೊಲಿಗೆಯ ಏರುಗಳು ಬಂದು ಕೊಕ್ಕಿನಲ್ಲಿ ಸೇರುವುದು ತಿಳಿಯುತ್ತದೆ.

ಅತ್ತೆ ತನ್ನ ಪೆಟ್ಟಿಗೆಯಿಂದ ಅಳತೆಯ ಎರಡು ತಗಡು ತೆಗೆದುಕೊಟ್ಟಳು. ಪ್ರತಿ ತುಂಡನ್ನೂ ತಗಡು ಇಟ್ಟೇ ಕತ್ತರಿಸು ಎಂದಳು. ಕತ್ತರಿಸಿದ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಇಟ್ಟು ಅಳೆದರೆ, ಒಂದರ ತಪ್ಪು ಮುಂದಿನದಕ್ಕೆ ಅಂಟಿ ಬೆಳೆಯುತ್ತದೆ. ಓರೆಯಾಗಿ ಕತ್ತರಿಸಿದ ಅಂಚನ್ನು ಎಳೆಯಬೇಡ, ಹಿಗ್ಗುತ್ತದೆ. ಹೊಲಿದದ್ದನ್ನು ಬಿಸಿನೀರು ತುಂಬಿದ ತಂಬಿಗೆಯಿಂದ ಒತ್ತು, ಉಜ್ಜಬೇಡ. ಇಷ್ಟು ಹೇಳಿ ಅತ್ತೆ ಮಲಗಿದಳು. ಉಳಿದದ್ದನ್ನು ಹೇಳಬೇಕು ಎಂದು ಅವಳಿಗೆ ತೋರಲಿಲ್ಲ. ಅದು ತಗಡಿನಲ್ಲೇ ಇತ್ತು.

ಸೊಸೆಯ ಕೈ ಚುರುಕು. ಹೇಳಿದಂತೆಯೇ ಕತ್ತರಿಸಿದಳು, ಹೊಲಿದಳು, ಒತ್ತಿದಳು. ಮೊದಲ ಹಕ್ಕಿ ಸಿದ್ಧವಾಯಿತು. ನೋಡಿದರೆ ಕೊಕ್ಕು ಪಟ್ಟಿಯ ಅಂಚನ್ನು ಮುಟ್ಟಿರಲಿಲ್ಲ. ಅದರ ಮುಂದೆ ಸಣ್ಣ ನೀಲಿ ಪಟ್ಟಿ ಉಳಿದಿತ್ತು.

ಕಣ್ಣು ಹೋಗುವ ಮೊದಲೇ ಅತ್ತೆಯ ಅಳತೆ ತಪ್ಪಿದೆ ಎಂದುಕೊಂಡಳು ಸೊಸೆ. ಪಾಪ, ಹೇಳಿ ಯಾಕೆ ನೋಯಿಸಲಿ? ಆ ನೀಲಿ ಪಟ್ಟಿಯನ್ನು ಕತ್ತರಿಯಿಂದ ತೆಗೆದಳು. ಈಗ ಕೊಕ್ಕು ಮುಳ್ಳಿನಂತೆ ಅಂಚಿಗೆ ತಾಗಿ ನಿಂತಿತು. ನೆರೆಮನೆಯವಳು ಎತ್ತಿ ನೋಡಿ, "ಅಯ್ಯ ನಮ್ಮವ್ವ, ಮುಟ್ಟಿದರ ಚುಚ್ಚೀತು!" ಎಂದಳು. ಆ ಮಾತು ಸೊಸೆಗೆ ಹಿತವಾಯಿತು. ಮುಂದಿನ ಹಕ್ಕಿಗಳನ್ನೂ ಹಾಗೆಯೇ ಕತ್ತರಿಸಿದಳು. ಸಣ್ಣ ನೀಲಿ ಎಳೆಗಳು ಅಂಗಳಕ್ಕೆ ಬಿದ್ದು, ಗಾಳಿ ಬಂದಾಗ ಎದ್ದು, ಕೆರೆಯ ಕಡೆಗೆ ತೇಲಿಹೋದವು.

ಹಕ್ಕಿಗಳನ್ನು ಕೂಡಿಸುವ ದಿನ ಬಂತು. ಎರಡನ್ನು ಕೂಡಿಸಿ ತಿರುಗಿಸಿದಳು. ಹಿಂದಿನ ಹಕ್ಕಿಗೆ ಕೊಕ್ಕು ಇರಲಿಲ್ಲ. ಮೂರನೆಯದನ್ನು ಕೂಡಿಸಿದಳು. ಮತ್ತೊಂದು ಕೊಕ್ಕು ಹೋಯಿತು. ಸೂಜಿ ದಪ್ಪ ಎಂದಳು. ದಾರ ಸರಿಯಿಲ್ಲ ಎಂದಳು. ಕೊನೆಗೆ, ಮುಂದಿನ ಹಕ್ಕಿಯೇ ಹಿಂದಿನದರ ಕೊಕ್ಕನ್ನು ತಿನ್ನುತ್ತದೆ ಎಂದು ಕೂಡಿಸಿದ ತುಂಡಿನ ಮೇಲೆಯೇ ಸಿಟ್ಟಾದಳು. ಹಾಗಿದ್ದರೂ ಸಾಲನ್ನು ಮುಗಿಸಿದಳು. ಅತ್ತೆಗೆ ಕಣ್ಣಿಲ್ಲವಲ್ಲ, ಏನು ತಿಳಿದೀತು?

ಒಂದು ಸಾಲನ್ನು ಒಯ್ದು ಅತ್ತೆಯ ಮಡಿಲಲ್ಲಿ ಇಟ್ಟಳು. ಅತ್ತೆ ಬೆರಳಾಡಿಸಿದಳು.

"ಚಂದ ಐತಿ. ಗುಡ್ಡದ ಸಾಲು ಮಾಡೀಯಲ್ಲ."

"ಗುಡ್ಡ ಅಲ್ಲ ಅತ್ತಿ, ಹಕ್ಕಿ."

"ಹಕ್ಕಿ ಆದ್ರ ಕೊಕ್ಕೆಲ್ಲಿ?" ಅತ್ತೆಯ ಬೆರಳು ಮತ್ತೆ ಮತ್ತೆ ಹುಡುಕಿತು. "ಕೊಕ್ಕಿಲ್ಲಂದ್ರ ಇವು ಯಾವ ಕಡೆ ಹೊಂಟಾವಂತ ನನಗ ಹ್ಯಾಂಗ ತಿಳೀಬೇಕು? ನಾ ಯಾವ ಕಡೆ ಹೋಗಲಿ ತಂಗಿ?"

ಸೊಸೆಗೆ ಅಳು ಬಂತು. "ಒಂದೊಂದ ಇದ್ದಾಗ ಎಲ್ಲಾ ಸರಿ ಇದ್ದುವು ಅತ್ತಿ. ಕೂಡಿಸಿದ ಮ್ಯಾಲ ಕೆಟ್ಟುವು."

ಕೂಡಿಸದ ಒಂದು ಹಕ್ಕಿಯನ್ನು ಕೊಡು ಎಂದಳು ಅತ್ತೆ. ಬೆರಳು ಓರೆಯ ಮೇಲೆ ಏರಿತು, ಕೊಕ್ಕಿಗೆ ಬಂತು, ಅಂಚಿನಿಂದ ಹೊರಗೆ ಜಾರಿತು.

"ಇದರ ಮುಂದಿನ ಆಕಾಶ ಎಲ್ಲಿ?"

"ಕತ್ತರಿಸಿ ಒಗದೆ. ಹೆಚ್ಚಾಗಿತ್ತು."

ಅತ್ತೆ ಬಯ್ಯಲಿಲ್ಲ. ಒಂದು ಜೋಳದ ಕಾಳು ತರಿಸಿ, ಕೊಕ್ಕಿನ ಮುಂದೆ ಇಟ್ಟಳು.

"ಕೂಡಿಸೋ ಹೊಲಿಗಿ ಇಷ್ಟು ಬಟ್ಟಿ ತಿನ್ನೋದ, ನನ್ನವ್ವ. ಅದರ ಊಟ ಅಷ್ಟು. ಆಕಾಶ ಇಟ್ರ ಆಕಾಶ ತಿಂತೈತಿ. ಇಡಲಿಲ್ಲಂದ್ರ ಕೊಕ್ಕು ತಿಂತೈತಿ."

ಕತ್ತರಿಸಿದ ನೀಲಿ ಮರಳಿ ಬರುವಂತಿರಲಿಲ್ಲ. ಪೆಟ್ಟಿಗೆಯಲ್ಲಿ ಬೇರೆ ಬಟ್ಟೆಯೂ ಇರಲಿಲ್ಲ. ಕೆರೆಯಲ್ಲಿ ಬಾತುಗಳು ಆಗಲೇ ರೆಕ್ಕೆ ಬಡಿದು ಎದ್ದು ಎದ್ದು ಕೂರುತ್ತಿದ್ದವು. ಹೊರಡುವ ಕಾಲ ಹತ್ತಿರ ಬಂದಾಗ ಅವು ಹಾಗೆ ಮಾಡುತ್ತವೆ.

"ತಗಡು ಸಣ್ಣದು ಮಾಡು" ಎಂದಳು ಅತ್ತೆ.

ಸೊಸೆ ಎಲ್ಲ ಹೊಲಿಗೆ ಬಿಚ್ಚಿದಳು. ಎರಡೂ ತಗಡನ್ನು ಕತ್ತರಿಸಿ ಚಿಕ್ಕದು ಮಾಡಿದಳು. ಒಂದೊಂದು ಹಕ್ಕಿಯನ್ನೂ ಚಿಕ್ಕದಾಗಿ ಕತ್ತರಿಸಿ, ಅದರ ಕೊಕ್ಕಿನ ಮುಂದೆ ಕಾಳು ಇಟ್ಟು ನೋಡಿ, ಶಿವನ ಹೆಸರು ಹೇಳಿ ಕೂಡಿಸಿದಳು. ಮನೆಯ ತುಂಬ ಬಿಳಿ ತುಂಡುಗಳು ಹರಡಿದ್ದವು. ಬಾಗಿಲಿನಿಂದ ಗಾಳಿ ಬಂದರೆ ಅವು ಅಲುಗುತ್ತಿದ್ದವು. ಅತ್ತೆ ಅರೆನಿದ್ದೆಯಲ್ಲಿ ಇರುತ್ತಿದ್ದಳು. ಕೆಲವೊಮ್ಮೆ ಏರಿಯ ಮೇಲೆ ಗಂಡನ ಪಕ್ಕ ಕೂತಿರುವಂತೆ ಮಾತನಾಡುತ್ತಿದ್ದಳು. ಕೆಲವೊಮ್ಮೆ ಸೊಸೆಯನ್ನೇ ಕೇಳುತ್ತಿದ್ದಳು.

"ಎಲ್ಲಿ ತನಕ ಬಂದುವು?"

"ಕೆರಿ ದಾಟ್ಯಾವ ಅತ್ತಿ."

ಮತ್ತೆ ನಿದ್ದೆ. ಮತ್ತೆ ಎಚ್ಚರ.

"ಈಗ?"

"ನದಿ ಕಾಣಾಕತ್ತೈತಿ."

ಹೀಗೆ ಹೇಳುತ್ತ ಹೊಲಿಯುತ್ತ ಸೊಸೆಗೂ ತಾನು ನೆಲದ ಮೇಲೆ ಕೂತಿದ್ದೇನೆ ಎನ್ನುವುದು ಮರೆತುಹೋಗುತ್ತಿತ್ತು.

ಕೌದಿ ಮುಗಿಯಿತು. ಅವರ ಮನೆಯ ಪದ್ಧತಿಯಂತೆ ಕೊನೆಯ ಮೂಲೆಯನ್ನು ಖಾಲಿ ಹೊಲಿಯಬಾರದು, ಕೌದಿ ಹಸಿದಿರಬಾರದು. ಸೊಸೆ ಅಳತೆಗೆ ಇಟ್ಟ ಕಾಳನ್ನೇ ಆ ಮೂಲೆಯೊಳಗೆ ಇಟ್ಟು ಹೊಲಿದಳು. ಹಕ್ಕಿಗಳ ಮುಖ ಬಡಗಣಕ್ಕೆ ಬರುವಂತೆ ಅತ್ತೆಗೆ ಹೊದಿಸಿದಳು. ಕೌದಿ ಮೊಣಕಾಲಿನ ತನಕ ಮಾತ್ರ ಬಂತು.

ಅತ್ತೆಯ ಬೆರಳು ಒಂದು ಕೊಕ್ಕನ್ನು ಮುಟ್ಟಿತು. ಇನ್ನೊಂದನ್ನು ಮುಟ್ಟಿತು. ಸಾಲು ಹಿಡಿದು ಮುಂದೆ ಹೋಯಿತು.

"ಸಣ್ಣ ಆಗ್ಯಾವ."

"ನನ್ನ ತಪ್ಪು ಅತ್ತಿ."

"ಹುಚ್ಚಿ. ದೂರ ಹ್ವಾದ ಹಕ್ಕಿ ಸಣ್ಣವ ಕಾಣತಾವ."

ಮುಂಜಾನೆ ಕೆರೆಯಿಂದ ಬಾತುಗಳು ಎದ್ದವು. ಅವುಗಳ ದನಿ ಮನೆಯ ಮೇಲೆ ಹಾದುಹೋಯಿತು. ಸೊಸೆ ಅಂಗಳಕ್ಕೆ ಓಡಿ, ಸಾಲು ಚುಕ್ಕಿಯಾಗುವ ತನಕ ನೋಡಿದಳು. ಅತ್ತೆಗೆ ಹೇಳೋಣವೆಂದು ಒಳಗೆ ಬಂದಳು. ಅತ್ತೆ ಆಗಲೇ ಹೊರಟಿದ್ದಳು. ಅವಳ ಬೆರಳು ಸಾಲಿನ ಎಲ್ಲಕ್ಕೂ ಮುಂದಿನ ಹಕ್ಕಿಯ ಕೊಕ್ಕಿನ ಮೇಲಿತ್ತು.

ಗುರುಗಳು ಕತೆ ಮುಗಿಸಿದರು. ಮರುಳಸಿದ್ಧ ಕಣ್ಣೊರೆಸಿಕೊಂಡ.

"ಅಪ್ಪಾ, ಸೊಸೆ ತನ್ನ ಆಕಾಶವನ್ನು ತಾನೇ ಕತ್ತರಿಸಿದಳು. ಅದು ತಿಳಿಯಿತು. ಆದರೆ ನನ್ನ ಮೊನೆ ಮುರಿದವರು ಅವರು."

ಅಡಿಗೆಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತ ಹಾಡು ಗುನುಗುತ್ತಿದ್ದರು. ಗುರುಗಳು ಅದನ್ನು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಹೇಳಿದರು:

"ಅವರು ನಿನ್ನ ಜೊತೆ ಕೂಡಲು ಬಂದಾಗ, ಮಗೂ, ನಿನ್ನ ಕೊಕ್ಕಿನ ಮುಂದೆ ಎಷ್ಟು ಆಕಾಶ ಇಟ್ಟಿದ್ದೆ?"

ಮರುಳಸಿದ್ಧ ಕೂತಲ್ಲೇ ಗಂಟು ಬಿಚ್ಚತೊಡಗಿದ.

ಈ ಕತೆ ಕೇಳಿದವರ ಮನೆಯಲ್ಲಿ ಹೊದಿಕೆ ಬೆಚ್ಚಗಿರಲಿ. ಕೂಡಿ ಬಾಳುವವರ ಕೊಕ್ಕು ಉಳಿಯಲಿ. ಹೋಗುವವರಿಗೆ ದಿಕ್ಕು ತಿಳಿಯಲಿ. ಶಿವನು ಎಲ್ಲರ ಮುಂದೆಯೂ ಕಾಳಿನಷ್ಟಾದರೂ ಆಕಾಶ ಇಡಲಿ.