ಪುಕ್ಕಟೆ ಕ್ವಾರ್ಟರಿನ ರೇಟು

ಮದ್ದೂರಿನ ಜವರಪ್ಪನಿಗೆ ಏನು ಕಂಡರೂ ಅದರ ರೇಟು ಕೇಳುವ ಚಟ. ಹೊಸ ಅಂಗಿ ಹಾಕಿಕೊಂಡವರು ಎದುರಾದರೆ ನಮಸ್ಕಾರಕ್ಕಿಂತ ಮೊದಲು "ಎಷ್ಟು ಕೊಟ್ರಿ?" ಪಕ್ಕದ ಮನೆಗೆ ಫ್ರಿಜ್ಜು ಬಂದರೆ "ಎಷ್ಟಾಯ್ತು?" ಒಂದು ಸಲ ಸಾವಿನ ಮನೆಗೆ ಹೋಗಿ, ಹೆಣದ ಮೇಲಿನ ಗುಲಾಬಿ ಹಾರವನ್ನೇ ನೋಡುತ್ತಾ ನಿಂತು, ತಡೆಯಲಾರದೆ ಪಕ್ಕದವನ ಕಿವಿಯಲ್ಲಿ ಅದರ ರೇಟು ಕೇಳಿದ್ದನಂತೆ. ಇಂಥವನಿಗೆ ಏನು ಹೇಳೋಣ! ಕೆಟ್ಟ ಮನುಷ್ಯನಲ್ಲ ಪಾಪ, ತಿಳಿದುಕೊಳ್ಳುವ ಆಸೆ, ಅಷ್ಟೇ.

ಅವನ ಹತ್ತಿರ ಒಂದು ಟೆಂಪೋ ಟ್ರಾವೆಲರ್ ಇತ್ತು. ಕಂತಿನ ಮೇಲೆ ತಗೊಂಡಿದ್ದು. ವಾರವಿಡೀ ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಬರುತ್ತಿದ್ದ, ಭಾನುವಾರ ಮದುವೆ ಬಾಡಿಗೆ. ಒಬ್ಬಳೇ ಮಗಳು ಸಹನಾ. ಅವಳಿಗೆ ಪಾಂಡವಪುರದ ಕಡೆ ಗಂಡು ಗೊತ್ತಾಗಿತ್ತು. ಮದುವೆಗೆಂದು ಗಂಡ ಹೆಂಡತಿ ನಾಲ್ಕು ವರ್ಷದಿಂದ ದುಡ್ಡು ಕೂಡಿಡುತ್ತಿದ್ದರು.

ನಮ್ಮ ಕಡೆ ಮದುವೆಯಾದ ಮೇಲೆ ಬೀಗರ ಊಟ ಅಂತ ಹಾಕಿಸುತ್ತಾರೆ, ನಿಮಗೂ ಗೊತ್ತು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಗಾಡಿ ತಂದ ಡ್ರೈವರುಗಳಿಗೆ ಪೇಪರಿನಲ್ಲಿ ಸುತ್ತಿದ ಒಂದು ಕ್ವಾರ್ಟರ್ ಬೇರೆ. ಅದಕ್ಕೆ ಡ್ರೈವರ್ ಮರ್ಯಾದೆ ಅಂತಲೇ ಹೆಸರು. ಒಂದು ಭಾನುವಾರ ಇಂಥದ್ದೇ ಊಟದಲ್ಲಿ ಮನೆಯ ಯಜಮಾನ ಬಂದು ಜವರಪ್ಪನ ಕೈಗೆ ಪೊಟ್ಟಣ ತುರುಕಿದ.

"ಇದಕ್ಕೆಷ್ಟಾಯ್ತು ಯಜಮಾನ್ರೇ?"

"ಅಯ್ಯೋ, ನಿಮಗೆ ಪುಕ್ಕಟೆ ಕಣಣ್ಣ. ಬ್ಯಾಡ ಅನ್ಬೇಡಿ, ನಮ್ಮ ಮರ್ವಾದೆ ಹೋಯ್ತದೆ!"

ಪುಕ್ಕಟೆ! ಜವರಪ್ಪನ ಮುಖ ಅರಳಿತು. ಸೀಟಿನ ಕೆಳಗಿಟ್ಟು ಮನೆಗೆ ಒಯ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೊಟ್ಟೆ ತುಂಬ ಮಟನ್ ಬಿದ್ದಿದೆ, ಏರುವುದಿಲ್ಲ ಅಂದುಕೊಂಡ. ಎಲೆಯಡಿಕೆ ಹಾಕಿಕೊಂಡರೆ ವಾಸನೆಯೂ ಬರುವುದಿಲ್ಲ ಅಂದುಕೊಂಡ. ಮರದ ನೆರಳಲ್ಲಿ ಕೂತು ಪೂರ್ತಿ ಕುಡಿದ. ಆಮೇಲೆ ಹದಿನಾಲ್ಕು ಜನ ನೆಂಟರನ್ನು ಹತ್ತಿಸಿಕೊಂಡು ಹೊರಟ.

ಮಟಮಟ ಮಧ್ಯಾಹ್ನ. ಹೆದ್ದಾರಿಗೆ ಬರುತ್ತಿದ್ದಂತೆ ಪೊಲೀಸರು ಕೈ ತೋರಿಸಿದರು. ಒಬ್ಬರು ಅಂಗೈಯಗಲದ ಒಂದು ಯಂತ್ರ ಹಿಡಿದು, "ಊದಪ್ಪಾ" ಅಂದರು. ಜವರಪ್ಪ ಎಲೆಯಡಿಕೆ ಉಗಿದು ಊದಿದ. ಯಂತ್ರ ಕೀ ಅಂತು. ಅಂಥ ಹೊತ್ತಲ್ಲೂ ಚಟ ಬಿಡಬೇಕಲ್ಲ, "ಸಾರ್, ಈ ಮಿಷನ್ನಿಗೆ ಎಷ್ಟಾಯ್ತದೆ?" ಎಂದುಬಿಟ್ಟ.

"ಮಿಷನ್ ರೇಟು ಆಮೇಲೆ ಕೇಳುವಂತೆ. ನಿಂದು ಎಷ್ಟಾಗುತ್ತೆ ನೋಡು ಮೊದಲು" ಅಂದರು ಅವರು. ಗಾಡಿ ಸ್ಟೇಷನ್ನಿಗೆ ಹೋಯಿತು. ನೆಂಟರು ರಸ್ತೆಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದರು. ಅವರಿಗೆ ಬೇರೆ ಗಾಡಿ ಮಾಡಿಕೊಟ್ಟಿದ್ದಕ್ಕೆ ನಾಲ್ಕು ಸಾವಿರ. ಅವತ್ತಿನ ಬಾಡಿಗೆ ಆರು ಸಾವಿರ ಕೈಗೆ ಬರಲೇ ಇಲ್ಲ.

ಮನೆಗೆ ಬಂದು ಹೆಂಡತಿ ಸಾಕಮ್ಮನಿಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಇಪ್ಪತ್ತೈದು ವರ್ಷ ಅವನ ಜೊತೆ ಸಂಸಾರ ಮಾಡಿ ಅವಳಿಗೂ ಆ ಚಟ ಅಂಟಿತ್ತೋ ಏನೋ, "ಅಲ್ಲಾ, ಆ ಕ್ವಾರ್ಟರಿಗೆ ಎಷ್ಟಾಯ್ತು?" ಎಂದು ಕೇಳಿದಳು.

"ಪುಕ್ಕಟೆ ಕಣೇ" ಅಂದ.

"ಮತ್ತೆ ಈ ಹತ್ತು ಸಾವಿರ ಯಾವುದರದ್ದು?"

ಆ ಪ್ರಶ್ನೆ ಅವನ ತಲೆಯಲ್ಲಿ ಕೂತಿತು. ಹೌದಲ್ಲ, ಎಷ್ಟಾಯ್ತು? ಅಂಗಡಿಯಲ್ಲಿ ಸಿಗುವ ಯಾವ ಸಾಮಾನಿನ ರೇಟಾದರೂ ಹೇಳಬಲ್ಲವನಿಗೆ ತಾನೇ ಕುಡಿದದ್ದರ ರೇಟು ಗೊತ್ತಿಲ್ಲವೆಂದರೆ!

ತಪ್ಪು ಒಪ್ಪಿಕೊಂಡ. ಕೋರ್ಟಿನಲ್ಲಿ ಹತ್ತು ಸಾವಿರ ದಂಡ, ಲಾಯರಿಗೂ ಓಡಾಟಕ್ಕೂ ಮೂರೂವರೆ. ಬಿಸಿಲಲ್ಲಿ ನಿಂತು ಬ್ಯಾಟರಿ ಸತ್ತಿದ್ದ ಗಾಡಿಯನ್ನು ಬಿಡಿಸಿಕೊಂಡು ರಿಪೇರಿ ಮಾಡಿಸಲು ಆರೂವರೆ. ಮನೆ ಬಾಗಿಲಿಗೆ ಬಂದಾಗಲೆಲ್ಲ ಸಾಕಮ್ಮ, "ಈಗ ಎಷ್ಟಾಯ್ತು?" ಎನ್ನುವಳು. ಅವನು ಹೇಳುವನು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೊಂದು ಬರುವುದು. ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು. ಬೇರೆ ಡ್ರೈವರನ್ನು ಇಡುತ್ತೇನೆಂದು ಫ್ಯಾಕ್ಟರಿಗೆ ಹೋಗಿ ಕೈಮುಗಿದ. ಅಲ್ಲಿನ ಮ್ಯಾನೇಜರ್ ಮೇಡಂ, "ಹದಿನೇಳು ಹೆಣ್ಣುಮಕ್ಕಳನ್ನ ನಿಮ್ಮ ಮೇಲೆ ನಂಬಿಕೆ ಇಟ್ಟು ಕಳಿಸ್ತಿದ್ವಿ ಜವರಪ್ಪ. ಇನ್ನು ಆಗಲ್ಲ" ಎಂದರು. ಗಟ್ಟಿಯಾಗಿ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಬಿಡಿ ಬಾಡಿಗೆಗೆ ಡ್ರೈವರನ್ನು ಇಟ್ಟು ನೋಡಿದ. ಬಂದದ್ದು ಅವನ ಸಂಬಳಕ್ಕೂ ಡೀಸೆಲ್ಲಿಗೂ ಸರಿಹೋಯಿತು. ಗಾಡಿ ಓಡಲಿ ಬಿಡಲಿ, ಕಂತು ಮಾತ್ರ ತಿಂಗಳಿಗೆ ಹತ್ತೊಂಬತ್ತು ಸಾವಿರ ಕಟ್ಟಲೇಬೇಕು. ಮದುವೆಯ ದುಡ್ಡಿಗೆ ಕೈ ಹಾಕಿದರು. ಮೊದಲ ತಿಂಗಳು ಸಾಕಮ್ಮ ಪಾಸ್‌ಬುಕ್ ತೆಗೆದುಕೊಡುವಾಗ, "ಈಗ..." ಎಂದು ಶುರುಮಾಡಿ ಸುಮ್ಮನಾದಳು. ಆಮೇಲೆ ಅವಳು ಕೇಳಲಿಲ್ಲ. ಆರು ತಿಂಗಳಿಗೆ ಜವರಪ್ಪ ತಾನೇ ಕೂತು ಕೂಡಿಸಿದ. ಒಂದು ಲಕ್ಷದ ನಲವತ್ತನಾಲ್ಕು ಸಾವಿರ! ಫ್ಯಾಕ್ಟರಿಯ ದುಡಿಮೆ ಹೋದದ್ದನ್ನು ಸೇರಿಸಲು ಅವನಿಗೆ ಧೈರ್ಯ ಬರಲಿಲ್ಲ.

"ಮದುವೆ ಮುಂದಿನ ವರ್ಷ ಆಗಲಿ ಬಿಡಿ ಅಪ್ಪಾ" ಅಂದಳು ಸಹನಾ. ನಗುತ್ತಲೇ ಅಂದಳು. ಆ ನಗು ಕಂಡು ಜವರಪ್ಪ ಹಿತ್ತಲಿಗೆ ಹೋಗಿ ಅತ್ತುಬಿಟ್ಟ. ಬೀಗರು ಒಳ್ಳೆಯವರು. ನಾಲ್ಕು ಮಾತು ಆಡಿದರೂ ಸಂಬಂಧ ಮುರಿಯದೆ ಕಾದರು.

ಲೈಸೆನ್ಸು ಬಂತು. ಜವರಪ್ಪ ಹಗಲೂ ರಾತ್ರಿ ದುಡಿದ. ಮುಂದಿನ ವರ್ಷ ಮದುವೆ ಆಯಿತು. ಈಗ ಅವನ ಮನೆಯಲ್ಲೇ ಬೀಗರ ಊಟ. ಮೂರು ಗಾಡಿ ತುಂಬ ಗಂಡಿನ ಕಡೆಯವರು. ಊಟವಾದ ಮೇಲೆ ಅದೇ ಗಾಡಿಗಳಲ್ಲಿ ಸಹನಾಳನ್ನೂ ಕರೆದುಕೊಂಡು ಹೊರಡಬೇಕು.

"ಡ್ರೈವರ್ ಮರ್ವಾದೆ ಮರೆತುಬುಟ್ಟೀಯ ಭಾವ" ಎಂದು ನೆಂಟನೊಬ್ಬ ನೆನಪಿಸಿದ. ಮರೆತರೆ ಊರೆಲ್ಲ ಆಡಿಕೊಳ್ಳುತ್ತದೆ. ಜವರಪ್ಪ ಒಳಗೆ ಹೋಗಿ ಪೇಪರಿನಲ್ಲಿ ಸುತ್ತಿದ ಮೂರು ಪೊಟ್ಟಣ ತಂದು ಕೊಟ್ಟ. ಮದುಮಕ್ಕಳ ಗಾಡಿಯ ಡ್ರೈವರ್ ಬೀರೇಶ ಪೊಟ್ಟಣ ಅಲ್ಲಾಡಿಸಿ ನೋಡಿದ. ಸದ್ದೇ ಇಲ್ಲ. "ಇದೇನಣ್ಣಾ, ಹಗುರಾಗಿದೆ?" ಎಂದು ಬಿಚ್ಚಿದ. ಒಳಗೆ ಐದು ನೂರರ ಎರಡು ನೋಟು, ಜೊತೆಗೆ ಕೋರ್ಟಿನ ದಂಡದ ರಸೀದಿಯ ಜೆರಾಕ್ಸು.

"ನೋಟು ನಿಮ್ಮ ಮರ್ಯಾದೆ" ಅಂದ ಜವರಪ್ಪ. "ಆ ಕಾಗದ ನಾನು ಕುಡಿದ ಒಂದು ಕ್ವಾರ್ಟರಿಂದು. ಅದರಲ್ಲಿ ಹತ್ತು ಸಾವಿರ ಅಂತ ಇದೆ, ನಂಬಬೇಡಿ. ಒಂದೂವರೆ ಲಕ್ಷದ ಹತ್ತಿರ, ನನ್ನ ಮಗಳ ಒಂದು ವರ್ಷ ಬೇರೆ. ಬೀರೇಶಣ್ಣ, ನಿನ್ನ ಗಾಡೀಲಿ ಕೂತಿರೋಳು ಅವಳೇ ಕಣಪ್ಪ."

ಬೀರೇಶ ರಸೀದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಕೈ ತೊಳೆದು ಬಂದು ಸ್ಟೇರಿಂಗ್ ಹಿಡಿದ. ಸಹನಾ ಕಿಟಕಿಯಿಂದ ಕೈ ಬೀಸಿದಳು.

ಗಾಡಿಗಳು ತಿರುವು ದಾಟಿದ ಮೇಲೆ ಸಾಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎಷ್ಟೋ ದಿನದ ಮೇಲೆ ಕೇಳಿದಳು: "ಈಗ ಎಷ್ಟಾಯ್ತು?"

"ಇವತ್ತಿಗೆ ತೀರಿತು ಕಣೇ" ಅಂದ ಜವರಪ್ಪ.

ನೀತಿ: ಕುಡಿದು ಗಾಡಿ ಓಡಿಸಿದರೆ ಕಟ್ಟಬೇಕಾದ ಬೆಲೆ ಬಾಟಲಿಯ ಮೇಲೂ ಇರುವುದಿಲ್ಲ, ದಂಡದ ರಸೀದಿಯಲ್ಲೂ ಪೂರ್ತಿ ಇರುವುದಿಲ್ಲ. ಅದನ್ನು ಕುಡಿದವನ ಜೊತೆ ಮನೆಯವರೆಲ್ಲ ಸೇರಿ ತೀರಿಸಬೇಕಾಗುತ್ತದೆ. ಆದ್ದರಿಂದ ಸ್ಟೇರಿಂಗ್ ಹಿಡಿಯುವ ಕೈಗೆ ಯಾರು ಎಷ್ಟು ಪ್ರೀತಿಯಿಂದ ಬಾಟಲಿ ಕೊಟ್ಟರೂ ಬೇಡ ಎನ್ನಿ. ಕೊಡುವ ಜಾಗದಲ್ಲಿ ನೀವಿದ್ದರೆ, ಕೊಡಲೇಬೇಡಿ.